ಗಚ್ಚಿನ ಸಾಲಿನಲ್ಲೊಂದು ಜಾಗ

ಮೊನ್ನೆ ನಮ್ಮ ಬೀಗರ ಮನೆಯ ಹುಡುಗನೊಬ್ಬ ಬಂದಿದ್ದ. ಕಟ್ಟಡದ ಕಂಟ್ರಾಕ್ಟು ಹಿಡಿಯುವ ಹುಮ್ಮಸ್ಸಿನಲ್ಲಿದ್ದಾನೆ, ಜೊತೆಗೇ ಡಾಕ್ಟರೇಟಿಗೂ ಹೆಸರು ಹಚ್ಚಿದ್ದಾನೆ. "ಎರಡೂ ಹೆಂಗ ಸಂಭಾಳಿಸಿದ್ರಿ ಅಜ್ಜಾ?" ಎಂದು ಕೇಳಿದ. ಸಂಭಾಳಿಸಿದೆ ಎಂದು ಇವನಿಗೆ ಯಾರು ಹೇಳಿದರೋ! ದೂರದ ಬೆಟ್ಟ ನುಣ್ಣಗೆ ಎನ್ನುವುದು ಸುಮ್ಮನಲ್ಲ. ಚಹಾ ಕುಡಿಸಿ ಕಳಿಸಿದೆ. ಅವನು ಹೋದ ಮೇಲೆ ಉತ್ತರ ಕೊಡಲಿಲ್ಲವಲ್ಲ ಅನ್ನಿಸಿ ಇದನ್ನು ಬರೆಯಲು ಕುಳಿತಿದ್ದೇನೆ. ಯಾವ ವರ್ಷ ಎಷ್ಟು ದೊಡ್ಡ ಕೆಲಸ ಸಿಕ್ಕಿತು, ಯಾರು ಶಾಲು ಹೊದಿಸಿದರು ಎಂಬುದೆಲ್ಲ ಇಲ್ಲಿ ಸಿಗುವುದಿಲ್ಲ. ಅವನ್ನು ನಾನೇ ಮರೆತಿದ್ದೇನೆ.

ನಮ್ಮದು ಹೊಸಪೇಟೆಗೆ ಅಂಟಿಕೊಂಡ ಚಿತ್ತವಾಡ್ಗಿಯ ಅಂಗಡಿ ಮನೆತನ. ಅಪ್ಪ ಬೇಳೆಕಾಳು ಮಾರುತ್ತಿದ್ದರು, ಅವರ ನಂತರ ಅಣ್ಣ ಗುರುಬಸಪ್ಪ ಅದೇ ಅಂಗಡಿಯ ಗಲ್ಲೆಯ ಮೇಲೆ ಕುಳಿತ. ನಾನು ಮದರಾಸಿಗೆ ಹೋಗಿ ರಸಾಯನಶಾಸ್ತ್ರ ಓದಿ, ಆಗ ವಿಜ್ಞಾನಕ್ಕೂ ಅದೇ ಪದವಿಯಾದ್ದರಿಂದ, ಎಂ.ಎ. ಅನ್ನಿಸಿಕೊಂಡು ಬಂದೆ. ನೌಕರಿ ಸಿಗಲಿಲ್ಲ ಎಂಬುದು ಅರ್ಧ ಸತ್ಯ. ಇನ್ನೊಬ್ಬರ ಕೈಕೆಳಗೆ ಕೂಡುವ ಸ್ವಭಾವ ನನ್ನದಲ್ಲ ಎಂಬುದು ಉಳಿದರ್ಧ. ಎರಡನೆಯ ಮಹಾಯುದ್ಧ ಶುರುವಾಗುವುದಕ್ಕೆ ಕೆಲವು ವರ್ಷ ಮುಂಚೆ ಕಮಲಾಪುರದ ದಾರಿಯಲ್ಲಿ ಒಂದು ಬಂಜರು ತುಂಡು ಹಿಡಿದು ಸುಣ್ಣದ ಭಟ್ಟಿ ಹಾಕಿದೆ. ಸುಣ್ಣದ ಕಲ್ಲು ಸುಡುವುದು, ಸುಟ್ಟ ಸುಣ್ಣವನ್ನು ಮರಳು, ಇಟ್ಟಿಗೆಪುಡಿಗಳ ಜೊತೆ ಎತ್ತಿನ ಗಾಣದಲ್ಲಿ ಅರೆದು ಗಾರೆ ಮಾಡುವುದು, ಆ ಗಾರೆಯಿಂದ ಮನೆಗಳಿಗೆ ಗಚ್ಚಿನ ಮಾಳಿಗೆ ಹಾಕಿಕೊಡುವುದು, ಇಷ್ಟು ನನ್ನ ಉದ್ಯೋಗ. ಆಗ ನಮ್ಮ ಕಡೆ ಹೆಚ್ಚಿನ ಮನೆಗಳದು ಮಣ್ಣಿನ ಮಾಳಿಗೆ. ಗಚ್ಚು ಹಾಕಿಸುವವರೆಂದರೆ ಕಂಪ್ಲಿಯ ಅಕ್ಕಿಗಿರಣಿ ಮಾಲೀಕರು, ಹೊಸಪೇಟೆಯ ದೊಡ್ಡ ವ್ಯಾಪಾರಸ್ಥರು, ಸಂಡೂರಿನ ಕಡೆ ಗಣಿ ಕಂಪನಿಯವರು.

ಗಚ್ಚು ಹಾಕುವುದೆಂದರೆ ಏನೆಂದು ಈಗಿನವರಿಗೆ ಹೇಳಬೇಕು. ತೊಲೆಗಳ ಮೇಲೆ ಇಟ್ಟಿಗೆ ಕೂರಿಸಿ, ಅದರ ಮೇಲೆ ಇಟ್ಟಿಗೆಚೂರು ಬೆರೆತ ಗಾರೆಯನ್ನು ದಪ್ಪಗೆ ಹರಡುತ್ತಾರೆ. ಆಮೇಲೆ ಬಡಿಯಬೇಕು. ಹೆಣ್ಣಾಳುಗಳು ಗೋಡೆಯಿಂದ ಗೋಡೆಗೆ ಒಂದೇ ಸಾಲಾಗಿ ತುದಿಗಾಲಲ್ಲಿ ಕುಳಿತು, ಕೊಡತಿ ಎಂಬ ಅಗಲ ಬಾಯಿಯ ಮರದ ಬಡಿಗೆಯಿಂದ ಎಲ್ಲರೂ ಒಟ್ಟಿಗೇ ಬಡಿಯುತ್ತ, ಒಟ್ಟಿಗೇ ಒಂದೊಂದು ಗೇಣು ಹಿಂದೆ ಸರಿಯುತ್ತ ಹೋಗುತ್ತಾರೆ. ಮೇಲೆ ಬೆಲ್ಲ ಮತ್ತು ಅಳಲೆಕಾಯಿಯ ನೀರು ಚಿಮುಕಿಸುತ್ತಾರೆ. ಒಬ್ಬಾಕೆ ಹಾಡು ಹೇಳುತ್ತಾಳೆ, ಉಳಿದವರು ಅದನ್ನು ಎತ್ತಿಕೊಳ್ಳುತ್ತಾರೆ. ಕೊಡತಿ ಗಚ್ಚಿಗೆ ಬಡಿದು ತಾನಾಗಿ ಪುಟಿಯುವ ತನಕ ದಿನಗಟ್ಟಲೆ ಇದೇ ಕೆಲಸ. ಸಾಲು ಆ ಕಡೆಯ ಗೋಡೆ ಮುಟ್ಟುವವರೆಗೆ ನಡುವೆ ಯಾರೂ ಏಳಬಾರದೆಂಬುದು ಅವರ ಕಟ್ಟಳೆ. ಒಬ್ಬಾಕೆ ಎದ್ದರೆ ಆ ಜಾಗ ಮೆತ್ತಗೆ ಉಳಿದು ಮಳೆಗಾಲದಲ್ಲಿ ಅಲ್ಲೇ ಸೋರುತ್ತದೆ.

ಮೊದಲ ಭಟ್ಟಿಯಲ್ಲೇ ಮುಗ್ಗರಿಸಿದೆ. ಸಂಡೂರಿನ ಗುಡ್ಡದ ಬದಿಯ ಕಲ್ಲು ಅಗ್ಗಕ್ಕೆ ಸಿಕ್ಕಿತೆಂದು ಬಂಡಿಗಟ್ಟಲೆ ತಂದು ಸುಟ್ಟೆ. ಆ ಗುಡ್ಡಗಳ ಮೈಯೆಲ್ಲ ಕಬ್ಬಿಣವೆಂಬುದು ಅಲ್ಲಿ ದನ ಮೇಯಿಸುವವರಿಗೂ ಗೊತ್ತು. ರಸಾಯನಶಾಸ್ತ್ರದ ಎಂ.ಎ.ಗೆ ಮಾತ್ರ ಹೊಳೆಯಲಿಲ್ಲ. ಕಮಲಾಪುರದ ಒಬ್ಬರು ತಮ್ಮ ದೇವರಮನೆಯ ಗೋಡೆಗೆ ನನ್ನ ಸುಣ್ಣ ಸಾರಿಸಿದರು. ಒಣಗಿದ ಮೇಲೆ ಗೋಡೆ ನಸುಗೆಂಪಾಗಿ ನಾಚಿಕೊಂಡು ನಿಂತಿತು. "ತಮ್ಮಾ, ನಾ ದೇವರ ಮನಿ ಅಂದಿದ್ದೆ. ಮದಿವಿ ಹಂದ್ರ ಅಂದಿದ್ದಿಲ್ಲ" ಎಂದರು ಆ ಹಿರಿಯರು. ಬೈದಿದ್ದರೆ ಮರೆತುಬಿಡುತ್ತಿದ್ದೆನೇನೋ, ನಗುತ್ತ ಹೇಳಿದ್ದರಿಂದ ಇವತ್ತಿಗೂ ನೆನಪಿದೆ.

ಭಟ್ಟಿ ಒಂದು ಹದಕ್ಕೆ ಬಂದ ಮೇಲೆ ಓದಿನ ಹುಳು ಮತ್ತೆ ಕೊರೆಯತೊಡಗಿತು. ಕೆಲಸದ ಮೇಲೆ ದಿನವೂ ಹಂಪಿಯ ಪಕ್ಕದಲ್ಲೇ ಓಡಾಟ. ಅಲ್ಲಿನ ಹಳೆಯ ನೀರ್ಗಾಲುವೆ, ಕೊಳಗಳ ಗಾರೆಯನ್ನು ನೋಡಿದಾಗಲೆಲ್ಲ ಹೊಟ್ಟೆಕಿಚ್ಚಾಗುತ್ತಿತ್ತು. ನಾನು ಹಾಕಿದ ಗಚ್ಚು ನಾಲ್ಕು ಮಳೆಗೆ ಬಿರುಕು ಬಿಡುವಾಗ, ಇವರದು ನೀರಿನಡಿಯಲ್ಲೇ ತಲೆಮಾರುಗಟ್ಟಲೆ ಉಳಿದದ್ದು ಹೇಗೆ? ಮದರಾಸಿನ ನನ್ನ ಪ್ರೊಫೆಸರರಿಗೆ ಬರೆದೆ. ಇದೇ ನಿನ್ನ ಡಾಕ್ಟರೇಟಿನ ವಿಷಯ ಎಂದು ಅವರು ಒಪ್ಪಿ, ಊರಲ್ಲಿದ್ದುಕೊಂಡೇ ಪ್ರಬಂಧ ಬರೆಯಲು ಅಪ್ಪಣೆ ಕೊಡಿಸಿದರು. ತಮಿಳು ಸೀಮೆಯವರು, ಬಹಳ ಶಿಸ್ತಿನ ಮನುಷ್ಯ. ಕೋಪ ಬಂದಷ್ಟೂ ಮೆಲ್ಲಗೆ ಮಾತಾಡುತ್ತಿದ್ದರು. ಅವರ ದನಿ ಕೇಳಿಸದಂತಾದರೆ ನಾವು ವಿದ್ಯಾರ್ಥಿಗಳು ನಡುಗುತ್ತಿದ್ದೆವು.

ಮನೆಯ ಒಳಕೋಣೆಯಲ್ಲಿ ಗಾಜಿನ ಪೆಟ್ಟಿಗೆಯೊಳಗಿನ ತಕ್ಕಡಿ ತಂದಿಟ್ಟೆ. ಬೀದಿಯಲ್ಲಿ ಬಂಡಿ ಹೋದರೂ ಅದರ ಮುಳ್ಳು ಅಲ್ಲಾಡುತ್ತಿತ್ತು. ಹಂಪಿಯಲ್ಲಿ ತಾನಾಗಿ ಉದುರಿ ಬಿದ್ದ ಗಾರೆಚೂರುಗಳನ್ನು ಅಪ್ಪಣೆ ಪಡೆದು ಆರಿಸಿ, ಒಂದೊಂದಕ್ಕೂ ಸ್ಥಳದ ಚೀಟಿ ಹಚ್ಚಿ, ಬಟ್ಟೆಯಲ್ಲಿ ಕಟ್ಟಿ, ಸೈಕಲ್ಲಿನ ಮೇಲೆ ತರುತ್ತಿದ್ದೆ. ಬೆಳಿಗ್ಗೆ ಪುಡಿ ಮಾಡಿ, ಸೋಸಿ, ತೂಗುತ್ತಿದ್ದೆ. ನಾನು ಅಂಕಿ ಹೇಳಿದರೆ ನನ್ನ ಹೆಂಡತಿ ನೀಲಮ್ಮ ಬರೆದುಕೊಳ್ಳುತ್ತಿದ್ದಳು. ಅವಳ ಅಕ್ಷರ ನನ್ನದಕ್ಕಿಂತ ದುಂಡಗೆ. ಮಧ್ಯಾಹ್ನ ಭಟ್ಟಿ, ಸಂಜೆ ಮಾಳಿಗೆ ಕೆಲಸ. ಎಲ್ಲ ಸರಿಯಾಗಿಯೇ ನಡೆದಿತ್ತು.

ತಂದ ಚೂರುಗಳ ರಾಶಿ ಬೆಳೆದು ಮನೆಯೆಲ್ಲ ಧೂಳಾದಾಗ ನೀಲಮ್ಮ ಗೊಣಗಿದಳು. ಬುಟ್ಟಿಗಳನ್ನು ಭಟ್ಟಿಯ ಚಪ್ಪರಕ್ಕೆ ಸಾಗಿಸಿದೆ. ಅದೇ ವಾರ ಕಂಪ್ಲಿಯ ಒಂದು ಅಕ್ಕಿಗಿರಣಿಯವರ ಮನೆಗೆ ಗಾರೆ ಹೋಗಬೇಕಿತ್ತು, ಇಟ್ಟಿಗೆಪುಡಿ ಸಾಲದೆ ಬಂತು. ಇಟ್ಟಿಗೆಪುಡಿ ಸಾಲದಾಗ ಕೆಡವಿದ ಮನೆಗಳ ಹಳೆ ಗಾರೆಯನ್ನು ಗಾಣಕ್ಕೆ ಹಾಕಿ ಅರೆಯುವುದು ನಮ್ಮ ಕಸುಬಿನ ವಾಡಿಕೆ. ಗಾಣದ ಹನುಮಂತಪ್ಪ ವಾಡಿಕೆಯಂತೆ ನಡೆದುಕೊಂಡ. ನಾನು ಹೋಗಿ ನೋಡುವಷ್ಟರಲ್ಲಿ ಬುಟ್ಟಿಗಳು ಖಾಲಿ.

"ನಾಕೈದು ಬುಟ್ಟಿ ಹಳೇ ಗಾರಿ ಬಿದ್ದಿತ್ರಿ, ಹಾಕಿಬಿಟ್ಟೆ. ಮಸ್ತ್ ಬಂದೈತ್ರಿ ಈ ಸಲ" ಎಂದ. ನಾನು ಖಾಲಿ ಬುಟ್ಟಿಯೊಳಗೆ ಕೈಯಾಡಿಸುವುದನ್ನು ನೋಡಿ ಧೈರ್ಯ ಹೇಳಿದ: "ಚೂರು ಕಟ್ಟಿದ್ದ ಅರಿವಿ ಒಗದು ಮಡಚಿ ಇಟ್ಟೀನ್ರಿ ಸಾವ್ಕಾರ್ರ. ಚಲೋ ಅರಿವಿ, ಯಾಕ್ ಕೆಡಸ್ಬೇಕು?"

ಅವನನ್ನು ಬೈಯುವಂತಿರಲಿಲ್ಲ. ಕೆಲಸಗಾರನಾಗಿ ಅವನು ಮಾಡಿದ್ದು ಸರಿಯಾಗಿಯೇ ಇತ್ತು, ನಾನು ಹೇಳಿಟ್ಟಿರಲಿಲ್ಲ. ಎತ್ತುಗಳ ಹಿಂದೆ ಹೋಗಿ ನಿಂತು ಅತ್ತೆ. ಮದುವೆಯಾದ ಗಂಡಸು, ನಾಲ್ಕು ಮಂದಿಗೆ ಕೆಲಸ ಕೊಡುವವನು, ಗೋಣಿಚೀಲಕ್ಕೆ ಮುಖ ಒತ್ತಿಕೊಂಡು ಅತ್ತೆ. ನನ್ನ ಪ್ರಬಂಧದ ಮುಖ್ಯ ಅಧ್ಯಾಯವೊಂದು ಕಂಪ್ಲಿಯ ಆ ಮನೆಯ ಮಾಳಿಗೆಯಲ್ಲಿ ಇವತ್ತಿಗೂ ಇದೆ. ಅದು ಸೋರಿದ್ದನ್ನು ಯಾರೂ ಹೇಳಿಲ್ಲ.

ಪ್ರೊಫೆಸರರಿಗೆ ತಿಳಿಸಿದೆ. ಅವರ ಉತ್ತರ ಚಿಕ್ಕದಾಗಿತ್ತು. ತಾವು ನಿವೃತ್ತರಾಗುವ ಕಾಲ ಹತ್ತಿರ ಬಂದಿದೆ. ಅದರೊಳಗೆ ಪ್ರಬಂಧ ಕೈಸೇರಿದರೆ ಸರಿ. ಆಮೇಲೆ ಬರುವವರು ಸುಣ್ಣದ ಬಗ್ಗೆ ಆಸಕ್ತಿ ತೋರಿಸುತ್ತಾರೆಂಬ ಭರವಸೆ ತಮಗಿಲ್ಲ. ನನಗೆ ಅಷ್ಟು ಸಾಕಾಯಿತು. ಮತ್ತೆ ಹಂಪಿಯ ಬಿಸಿಲಿನಲ್ಲಿ ಚೂರು ಆರಿಸುವುದು, ಮತ್ತೆ ಅರೆಯುವುದು, ಮತ್ತೆ ತೂಗುವುದು. ಇತ್ತ ಭಟ್ಟಿ ನಿಲ್ಲಿಸುವಂತಿಲ್ಲ, ಅದನ್ನು ನೆಚ್ಚಿದ ಮನೆಗಳಿದ್ದವು. ನಿದ್ದೆ ಹೋಯಿತು. ಊಟ ಸೇರದಾಯಿತು. ಯಾರಾದರೂ ಹಿಂದಿನಿಂದ ಕರೆದರೆ ಎದೆ ಹಾರುತ್ತಿತ್ತು. ಕೊನೆಗೊಂದು ದಿನ ಚಿಮಟದಲ್ಲಿ ಸಣ್ಣ ತೂಕದ ಬಿಲ್ಲೆ ಹಿಡಿದು ತಕ್ಕಡಿಯ ತಟ್ಟೆಗೆ ಇಡಲು ಹೋದರೆ ಕೈ ನಡುಗಿ ಬಿಲ್ಲೆ ಕೆಳಗೆ ಬಿತ್ತು. ಹೆಕ್ಕಿ ಮತ್ತೆ ಇಟ್ಟೆ, ಮತ್ತೆ ಬಿತ್ತು. ನೀಲಮ್ಮ ಪೆನ್ಸಿಲ್ಲು ಹಿಡಿದುಕೊಂಡು ಅಂಕಿಗಾಗಿ ಕಾಯುತ್ತಿದ್ದಳು. ತೂಗಲಾರದ ಕೈಯಿಂದ ರಸಾಯನಶಾಸ್ತ್ರದ ಪ್ರಬಂಧ ಬರೆಯುವುದು ಹೇಗೆ? ಆ ಕೈ ನೆಟ್ಟಗಾಗದಿದ್ದರೆ ನನ್ನ ಓದು ಅಲ್ಲಿಗೆ ಮುಗಿದಂತೆ.

ಹೊಸಪೇಟೆಯ ಡಾಕ್ಟರು ನರಗಳು ದಣಿದಿವೆ ಎಂದರು. ಓದು ಬಿಡಬೇಕು, ಹಾಲು ಕುಡಿಯಬೇಕು, ಮಲಗಿರಬೇಕು. ಮಲಗಿದೆ. ಮಲಗಿದರೆ ಮೇಲೆ ಕಾಣುವುದು ಮಾಳಿಗೆಯ ತೊಲೆ. ತೊಲೆ ಕಂಡರೆ ಗಚ್ಚು, ಗಚ್ಚು ಕಂಡರೆ ಗಾರೆ, ಗಾರೆ ಕಂಡರೆ ಪ್ರಬಂಧ. ಮೈ ಸುಮ್ಮನಿದ್ದಷ್ಟೂ ತಲೆ ಓಡುತ್ತಿತ್ತು. ಸೈಕಲ್ಲು ಹೊಡೆದರೆ ಹಗುರಾದೀತೆಂದು ಕಂಪ್ಲಿಯ ದಾರಿ ಹಿಡಿದೆ. ಸೈಕಲ್ಲಿನ ಮೇಲೂ ನನ್ನ ತಲೆ ನನ್ನ ಸಂಗಡವೇ ಬಂತು.

ಗಚ್ಚು ಬಡಿಯುವ ಸಾಲಿನಲ್ಲಿ ನಾನು ಕುಳಿತದ್ದು ಯೋಚನೆ ಮಾಡಿ ಅಲ್ಲ. ಕಮಲಾಪುರದ ಒಂದು ಮಾಳಿಗೆಯ ಮೇಲೆ ಮನೆಯ ಯಜಮಾನರು ನನ್ನೊಡನೆ ಏನೋ ತಕರಾರು ತೆಗೆದು ನಿಂತಿದ್ದರು. ನನ್ನ ಕೈ ನಡುಗುವುದು ಅವರ ಕಣ್ಣಿಗೆ ಬೀಳಬಾರದಿತ್ತು. ಸಾಲು ಆಗಷ್ಟೇ ಗೋಡೆ ಮುಟ್ಟಿ ಮತ್ತೆ ಶುರುವಾಗುವುದರಲ್ಲಿತ್ತು, ಒಬ್ಬಾಕೆ ಮಗುವಿಗೆ ಹಾಲು ಕೊಡಲು ಇಳಿದು ಹೋಗಿದ್ದಳು. ಆಕೆಯ ಜಾಗದಲ್ಲಿ ಕುಕ್ಕರಿಸಿ ಕುಳಿತು ಆಕೆಯ ಕೊಡತಿ ಎತ್ತಿಕೊಂಡೆ, ಕೈಗೆ ಏನಾದರೂ ಬೇಕಿತ್ತು. ಯಜಮಾನರು ಮಾತು ಅರ್ಧಕ್ಕೆ ಬಿಟ್ಟು ಕಣ್ಣು ಪಿಳಿಪಿಳಿ ಬಿಟ್ಟರು. ಹಾಡು ಶುರುವಾಯಿತು. ಮೊದಲ ಏಟಿಗೇ ಪಕ್ಕದಾಕೆಯ ಹೆಬ್ಬೆರಳು ಜಜ್ಜಿದೆ. "ಅಯ್ಯಯ್ಯೋ ಸಾವ್ಕಾರ್ರ, ಗಚ್ಚು ಅಲ್ಲೈತ್ರಿ, ಇದು ನನ್ ಬಟ್ಟು!" ಎಂದು ಆಕೆ ಕೂಗಿದಾಗ ಇಡೀ ಸಾಲು ನಕ್ಕಿತು.

ಆಮೇಲೆ ಏನಾಯಿತೆಂದು ವಿವರಿಸುವುದು ಕಷ್ಟ. ಎಲ್ಲರ ಕೈ ಎದ್ದಾಗ ನನ್ನ ಕೈ ಏಳಲೇಬೇಕು, ಎಲ್ಲರದು ಬಿದ್ದಾಗ ನನ್ನದು ಬೀಳಲೇಬೇಕು. ಬೇಗ ಮುಗಿಸುವ ಹಾಗಿಲ್ಲ, ತಡ ಮಾಡುವ ಹಾಗಿಲ್ಲ. ಯಾರೂ ನನ್ನನ್ನು ಏನೂ ಕೇಳುವಂತಿಲ್ಲ. ತೊಡೆ ಉರಿಯುತ್ತಿತ್ತು, ಬೆನ್ನು ಮುರಿಯುತ್ತಿತ್ತು, ತಲೆ ಮಾತ್ರ ಮೊದಲ ಸಲ ಸುಮ್ಮನಾಯಿತು. ಸಾಲು ಗೋಡೆ ಮುಟ್ಟಿದಾಗ ನಾನು ಗೋಡೆಗೆ ಒರಗಿದವನು ಹಾಗೆಯೇ ನಿದ್ದೆ ಹೋದೆ. ಕಾಲು ಹಸಿ ಸುಣ್ಣದ ನೀರಿನಲ್ಲಿತ್ತು. ಎಚ್ಚರವಾದಾಗ ಅಂಗಾಲೆಲ್ಲ ಬೊಬ್ಬೆ. ನೀಲಮ್ಮ ಕೊಬ್ಬರಿ ಎಣ್ಣೆ ಹಚ್ಚುತ್ತ, "ಸುಣ್ಣ ಮಾರೋರಿಗೆ ಸುಣ್ಣ ಸುಡ್ತೈತಿ ಅಂತ ಗೊತ್ತಿದ್ದಿಲ್ಲೇನ್ರಿ?" ಎಂದಳು. ನಾನು ನಕ್ಕೆ. ನಾನು ನಕ್ಕು ಬಹಳ ದಿನವಾಗಿತ್ತೆಂಬುದು ಅವಳ ಮುಖ ನೋಡಿದಾಗ ತಿಳಿಯಿತು.

ಬೊಬ್ಬೆ ಆರಿದ ಮೇಲೆ ಮತ್ತೆ ಹೋದೆ. ಈ ಸಲ ಸಾಲಿನ ಮುಖ್ಯಸ್ಥೆ ಹುಲಿಗೆವ್ವ ಅಡ್ಡ ಬಂದಳು. ಸಾಲಿನ ಹೊರಗೆ ನಿಂತು ಹಾಡು ಹೇಳುವವಳೂ ಅವಳೇ, ಯಾರು ಎಲ್ಲಿ ಕೂಡಬೇಕೆಂದು ಹೇಳುವವಳೂ ಅವಳೇ. ಸೊಂಟಕ್ಕೆ ಕೈಕೊಟ್ಟು ನಿಂತು ಕೇಳಿದಳು:

"ಮಾಳಿಗಿ ಎಷ್ಟು ಅಗಲೋ ಅಷ್ಟ ಮಂದಿ ಕುಂದ್ರದು. ನೀವ್ ಕುಂತ್ರ ನಮ್ಮಾಕಿ ಒಬ್ಬಾಕಿ ಏಳ್ಬೇಕು. ಎದ್ದಾಕಿ ಮನಿಗೆ ಏನ್ ಒಯ್ಬೇಕ್ರಿ?"

ನನಗೆ ಇದು ತೋಚಿರಲಿಲ್ಲ. "ಆಕಿ ಕೂಲಿ ಆಕಿಗೆ ಐತಿ. ಕೆಳಗ ನೆಳ್ಳಾಗ ಕುಂದ್ರಲಿ" ಎಂದೆ.

ಕೂತರೂ ಕೂಲಿ ಎಂಬ ಮಾತನ್ನು ಆ ಹೆಂಗಸರು ಯಾರ ಬಾಯಿಂದಲೂ ಕೇಳಿರಲಿಲ್ಲ. ಹುಲಿಗೆವ್ವ ನನ್ನನ್ನು ಮೇಲೆ ಕೆಳಗೆ ನೋಡಿ, "ಹಂಗಾರ ಪಾಳಿ ನಾ ಹಚ್ತೀನಿ. ಯಾರ್ ಏಳ್ಬೇಕು ಅನ್ನದ್ರಾಗ ನೀವು ಬಾಯಿ ಹಾಕ್ಬ್ಯಾಡ್ರಿ. ಮತ್ತ ಸಾಲಿನಾಗ ಕುಂತಾಗ ನೀವು ಸಾವ್ಕಾರ್ರಲ್ಲ, ಗೊತ್ತಾತಿಲ್ರಿ?" ಎಂದಳು. ಗೊತ್ತಾಯಿತು ಎಂದೆ.

ಹೀಗೆ ನನ್ನ ಬೇನೆಯಿಂದ ಅವರಿಗೆ ರಜೆ ಹುಟ್ಟಿತು. ಪಾಳಿ ಬಂದಾಕೆ ಆ ಹೊತ್ತು ಬೇವಿನ ಮರದಡಿ ಏನು ಬೇಕಾದರೂ ಮಾಡಬಹುದು. ಕೆಲವರು ಸೆರಗು ಹಾಸಿ ಮಲಗುತ್ತಿದ್ದರು. ಒಬ್ಬಾಕೆ ತಲೆ ಬಿಚ್ಚಿ ನಿಧಾನವಾಗಿ ಬಾಚಿಕೊಳ್ಳುತ್ತಿದ್ದಳು, ಇನ್ನೊಬ್ಬಾಕೆ ಸುಮ್ಮನೆ ರಸ್ತೆ ನೋಡುತ್ತ ಕೂತಿರುತ್ತಿದ್ದಳು. ಮೇಲಿನಿಂದ ಅವರನ್ನು ನೋಡಿದರೆ ನನ್ನ ಉಸಿರೂ ನಿಧಾನವಾಗುತ್ತಿತ್ತು. ದಿನ ಕಳೆದಂತೆ ನಿದ್ದೆ ಮನೆಗೂ ಬಂತು. ಒಂದು ಬೆಳಿಗ್ಗೆ ಚಿಮಟ ಹಿಡಿದು ಬಿಲ್ಲೆ ಇಟ್ಟೆ, ಅದು ತಟ್ಟೆಯಲ್ಲಿ ಸದ್ದಿಲ್ಲದೆ ಕೂತಿತು. "ಹೇಳ್ರಿ ಅಂಕಿ" ಎಂದಳು ನೀಲಮ್ಮ. ನಾನು ಹೇಳಿದೆ, ಅವಳು ಬರೆದುಕೊಂಡಳು.

ನನಗೆ ಒಳ್ಳೆಯದು ಬಯಸುವವರು ಮೂವರಿದ್ದರು, ಮೂವರದೂ ಮೂರು ದಾರಿ. ಡಾಕ್ಟರು ಓದು ಬಿಡು ಎನ್ನುತ್ತಿದ್ದರು. ಪ್ರೊಫೆಸರರು, ಎರಡು ದೋಣಿಯಲ್ಲಿ ಕಾಲಿಟ್ಟವನು ದಡ ಸೇರುವುದಿಲ್ಲ, ಭಟ್ಟಿ ಮಾರಿ ಮದರಾಸಿಗೆ ಬಾ ಎನ್ನುತ್ತಿದ್ದರು. ಅಣ್ಣನಿಗೆ ಓದೂ ಬೇಕಿತ್ತು, ವ್ಯಾಪಾರವೂ ಬೇಕಿತ್ತು. ಅವನ ಕಣ್ಣಿಗೆ ಚುಚ್ಚುತ್ತಿದ್ದದ್ದು ಕೊಡತಿ. ಒಂದು ದಿನ ನನ್ನನ್ನು ಕರೆದು ಬೈದ:

"ಲೇ ಚನ್ನಬಸ್ಯಾ, 'ನಿನ್ ತಮ್ಮ ಹೆಂಗಸ್ರ ಸಾಲಿನಾಗ ಕುಂತು ಬಡಿತಾನಂತಲ್ಲ' ಅಂತ ಪ್ಯಾಟ್ಯಾಗ ನನ್ನ ಕೇಳ್ತಾರ. ಏನ್ ಹೇಳ್ಲಿ ನಾನು? ಬ್ಯಾನಿ ಇದ್ರ ಗರಡಿಗೆ ಹೋಗು. ಸಾಮು ತಗಿ, ಕುಸ್ತಿ ಹಿಡಿ. ಗಂಡಸ್ರಿಗೆ ಅದೈತಲ್ಲ!"

ಗರಡಿಗೂ ಹೋಗಿ ನೋಡಿದ್ದೆ. ಅಲ್ಲಿ ಗೆಲ್ಲಬೇಕು, ಇಲ್ಲವೇ ಸೋಲಬೇಕು. ನನಗೆ ಅವೆರಡೂ ಆಗಲೇ ಹೊಟ್ಟೆ ತುಂಬಾ ಆಗಿದ್ದವು. ಅಣ್ಣನ ಸಿಟ್ಟಿನೊಳಗೆ ಹೆಂಗಸರ ಮಾತಷ್ಟೇ ಅಲ್ಲ, ಅವರು ಯಾವ ಕೇರಿಯವರೆಂಬ ಮಾತೂ ಇತ್ತು. ಅದನ್ನು ಅವನು ಬಾಯಿಬಿಟ್ಟು ಹೇಳಲಿಲ್ಲ, ನಾನೂ ಕೇಳಲಿಲ್ಲ. ನೀರು ತರಲು ಹೋದಾಗ ನೀಲಮ್ಮನಿಗೂ ನಾಲ್ಕು ಮಾತು ಬೀಳುತ್ತಿದ್ದವು. ಒಂದು ಸಂಜೆ ಅವಳು ಕೊಡ ಇಳಿಸಿ, "ಸಾಲಿನಾಗ ಏನ್ ಹಾಡ್ತಾರ್ರಿ?" ಎಂದು ಕೇಳಿದಳು. ನನ್ನ ಒಡಕು ದನಿಯಲ್ಲಿ ಹಾಡಿ ತೋರಿಸಿದೆ. "ಅಯ್ಯ, ಹಂಗ ಇರಾಕಿಲ್ಲ" ಎಂದು ತಾನೇ ತಿದ್ದಿ ಹಾಡಿದಳು. ಅಂದಿನಿಂದ ರೊಟ್ಟಿ ಬಡಿಯುವಾಗಲೆಲ್ಲ ಅದೇ ಹಾಡು. ಹೊಸ ಹಾಡೇನಾದರೂ ಬಂತೇ ಎಂದು ನನ್ನನ್ನು ಕೇಳುತ್ತಿದ್ದಳು.

ಯಶವಂತನಗರದ ಒಂದು ಪ್ರಸಂಗ ಹೇಳಲೇಬೇಕು. ಗಣಿ ಕಂಪನಿಯೊಂದರ ಬಂಗಲೆಗೆ ಗಚ್ಚು ಹಾಕುತ್ತಿದ್ದೆವು. ಅಲ್ಲಿನ ಓವರ್‌ಸಿಯರ್ ಭಾರಿ ಚುರುಕು. ಮರದಡಿ ಮಲಗಿದ್ದಾಕೆಯನ್ನು ಕಂಡು, ಕೆಲಸಗಳ್ಳಿ ಎಂದು ಹಾಜರಿಯಿಂದ ಹೆಸರು ಹೊಡೆಯಲು ಹೋದ. ಆಕೆಯ ಬದಲು ನಾನು ಬಡಿಯುತ್ತಿದ್ದೇನೆ ಎಂದು ಮೇಲಿನಿಂದಲೇ ಕೂಗಿ ಹೇಳಿದೆ, ಸಾಲು ಗೋಡೆ ಮುಟ್ಟಿರಲಿಲ್ಲವಾದ್ದರಿಂದ ಏಳುವಂತಿರಲಿಲ್ಲ. ಕೂಲಿಯವಳು ಕೆಳಗೆ, ಕಂಟ್ರಾಕ್ಟರು ಮೇಲೆ! ಅವನು ಓಡಿಹೋಗಿ ಕಂಪನಿಯ ಇಂಗ್ಲಿಷ್ ದೊರೆಯನ್ನೇ ಕರೆತಂದ. ದೊರೆ ಏಣಿ ಹತ್ತಿ ಬಂದು, ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದು, ಸ್ವಲ್ಪ ಹೊತ್ತು ನೋಡಿದ. ಇದೇನು ನಿಮ್ಮ ದೇವರಿಗೆ ಹೊತ್ತ ಹರಕೆಯೇ ಎಂದು ಇಂಗ್ಲಿಷಿನಲ್ಲಿ ಗಂಭೀರವಾಗಿ ಕೇಳಿದ. ಹೌದು ಎಂದೆ. ಅದು ಪೂರಾ ಸುಳ್ಳೂ ಆಗಿರಲಿಲ್ಲ. ಹರಕೆಗೆ ಅಡ್ಡಿ ಮಾಡಬೇಡ ಎಂದು ಓವರ್‌ಸಿಯರನಿಗೆ ಹೇಳಿ ದೊರೆ ಇಳಿದು ಹೋದ. ಮರದಡಿ ಮಲಗಿದ್ದಾಕೆಗೆ ಇದಾವುದರಿಂದಲೂ ಎಚ್ಚರವಾಗಿರಲಿಲ್ಲ.

ಈಗ ಆ ಸಾಲುಗಳಿಲ್ಲ. ನದಿಗೆ ಆಣೆಕಟ್ಟಿನ ಕೆಲಸ ಶುರುವಾದ ಮೇಲೆ ನಮ್ಮ ಕಡೆ ಸಿಮೆಂಟು ಹೆಚ್ಚಿತು, ಹಿಂದೆಯೇ ಕಬ್ಬಿಣದ ಸರಳು ಬಂತು. ಸಿಮೆಂಟನ್ನು ಬಡಿಯಬೇಕಿಲ್ಲ, ಅದು ತನ್ನ ಪಾಡಿಗೆ ಗಟ್ಟಿಯಾಗುತ್ತದೆ. ನಾನೂ ಅದಕ್ಕೇ ಹೊರಳಿದೆ, ಉಳಿಯಬೇಕಲ್ಲ. ಹೆಣ್ಣಾಳುಗಳಿಗೆ ಕಲ್ಲು, ಮರಳು, ನೀರು ಹೊರುವುದು ಉಳಿಯಿತು. ಹೊರುವಾಗ ಹಾಡು ಬರುವುದಿಲ್ಲ. ಕಂಟ್ರಾಕ್ಟು ಹಿಡಿಯುವ ಹುಡುಗರಿಗೆ ನಾನು ಹೇಳುವುದಿಷ್ಟು: ಯಂತ್ರ ಬಂದಾಗ ಏನು ಬೇಗ ಆಯಿತೆಂದು ಎಲ್ಲರೂ ನೋಡುತ್ತಾರೆ. ಯಾರು ಕುಳಿತಿದ್ದ ಜಾಗ ಹೋಯಿತು ಎಂಬುದನ್ನೂ ಒಮ್ಮೆ ನೋಡಿರಿ. ಓದುವವರಿಗೆ ಇನ್ನೊಂದು ಮಾತು. ಮೈ ದಣಿಸಿದರೆ ಮನಸ್ಸು ಹಗುರಾಗುತ್ತದೆ ಎಂದು ಈಗ ಎಲ್ಲರೂ ಹೇಳುತ್ತಾರೆ, ಇರಬಹುದು. ಒಂಟಿಯಾಗಿ ಎಷ್ಟು ಸೈಕಲ್ಲು ಹೊಡೆದರೂ ಆಗದ್ದು ನನಗೆ ಆ ಸಾಲಿನಲ್ಲಿ ಆಯಿತು. ನನ್ನ ಕೈ ನನ್ನೊಬ್ಬನದಾಗಿರಲಿಲ್ಲ ಎಂಬುದೇ ಅದರ ಗುಟ್ಟೆಂದು ನನ್ನ ಎಣಿಕೆ.

ಪ್ರೊಫೆಸರರ ನಿವೃತ್ತಿ ಹತ್ತಿರ ಬಂತು. ಪ್ರಬಂಧ ಮುಗಿದಿತ್ತು, ಕ್ಷಮಿಸಿ, ಕೊನೆಯ ಅಧ್ಯಾಯದ ಕೊನೆಯ ಭಾಗ ಉಳಿದಿತ್ತು. ಅಷ್ಟು ಬರೆದು ಮರುದಿನ ಗುಂತಕಲ್ಲಿನ ಕಡೆ ಹೋಗುವ ರೈಲು ಹತ್ತಿದರೆ ಮದರಾಸಿನಲ್ಲಿ ಅವರ ಕೈಗೆ ಕೊಡಬಹುದು. ತಪ್ಪಿದರೆ ಇಷ್ಟು ವರ್ಷದ ಕೆಲಸ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ಅದೇ ದಿನ ಹೊಸಪೇಟೆಯಲ್ಲೊಂದು ದೊಡ್ಡ ಮನೆಯ ಗಚ್ಚು ನಡೆದಿತ್ತು. ಆ ದಿನದ ಪಾಳಿ ಯಲ್ಲವ್ವನದು. ಅವಳು ತುಂಬಿದ ಬಸುರಿ. ಹುಲಿಗೆವ್ವ ಪಾಳಿಯನ್ನು ತಿರುಚಿ ತಿರುಚಿ ಅವಳಿಗೇ ಹೆಚ್ಚು ಸಿಗುವಂತೆ ಮಾಡುತ್ತಿದ್ದಳು. ನಾನು ಹೋಗದಿದ್ದರೆ ಅವಳು ಕುಕ್ಕರಿಸಿ ಕೂತು ಬಡಿಯಬೇಕು. ಬೇರೆಯವರನ್ನು ಕರೆಯೋಣವೆಂದರೆ ಕಬ್ಬಿನ ಕಟಾವಿನ ಕಾಲ, ಒಂದು ಆಳೂ ಸಿಗುತ್ತಿರಲಿಲ್ಲ.

ಬೆಳಿಗ್ಗೆ ಎದ್ದವನೇ ಕಾಗದಗಳ ಮುಂದೆ ಕುಳಿತೆ. ಒಂದು ಸಾಲೂ ಬರಲಿಲ್ಲ. ಬೆರಳಿನಲ್ಲಿ ಹಳೆಯ ನಡುಕ ಮತ್ತೆ ಕಾಣಿಸಿತು. ನೀಲಮ್ಮನನ್ನು ಕೂಗಿದೆ, ಮನೆಯಲ್ಲಿರಲಿಲ್ಲ. ಕಾಗದಗಳನ್ನು ಚೀಲಕ್ಕೆ ತುರುಕಿ ಸೈಕಲ್ಲು ಹತ್ತಿದೆ. ಬಡಿದ ಮೇಲೆ ಎಲ್ಲಿಯಾದರೂ ಕೂತು ಬರೆದರಾಯಿತು, ಬರೆಯದಿದ್ದರೆ ಹೋಯಿತು ಎಂದುಕೊಂಡೆ. ಹೋಯಿತು ಎಂದುಕೊಂಡರೂ ದಾರಿಯುದ್ದಕ್ಕೂ ಚೀಲವನ್ನು ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದೆ.

ಅಲ್ಲಿ ತಲುಪಿದಾಗ ಯಲ್ಲವ್ವ ಆಗಲೇ ಮರದಡಿ ಕಾಲು ಚಾಚಿ ಕೂತಿದ್ದಳು. ಮೇಲೆ ಬಡಿಯುವ ಸದ್ದು. ಏಣಿ ಹತ್ತಿ ನೋಡಿದರೆ ಸಾಲು ಭರ್ತಿ, ನನಗೆ ಜಾಗವಿಲ್ಲ. ಹುಲಿಗೆವ್ವ ಹಾಡು ನಿಲ್ಲಿಸದೆ ಕೈಸನ್ನೆಯಲ್ಲಿ ನನ್ನನ್ನು ತಡೆದಳು. ಆ ಸೊಲ್ಲು ಮುಗಿದ ಮೇಲೆ ಹೇಳಿದಳು:

"ಇಳೀರಿ ಕೆಳಗ. ಇವತ್ತು ಪಾಳಿ ನಿಮ್ದೂ ಐತಿ."

ನನ್ನದೂ ಪಾಳಿ! ಇಷ್ಟು ದಿನ ನಾನು ಅವರಿಗೆ ರಜೆ ಕೊಡುವವನು ಎಂದೇ ತಿಳಿದಿದ್ದೆ. ಆ ಲೆಕ್ಕದಲ್ಲಿ ನನ್ನ ಹೆಸರನ್ನೂ ಸೇರಿಸಿಕೊಂಡಿದ್ದಾರೆಂದು ಗೊತ್ತಿರಲಿಲ್ಲ. "ನನ್ನ ಜಾಗದಾಗ ಯಾರದಾರ?" ಎಂದು ಕೇಳಿದೆ. ಹುಲಿಗೆವ್ವ ಗದ್ದ ಎತ್ತಿ ಸಾಲಿನ ಕೊನೆ ತೋರಿಸಿದಳು.

ಸೆರಗನ್ನು ತಲೆಯ ಮೇಲಿನಿಂದ ಎಳೆದು ಸೊಂಟಕ್ಕೆ ಸಿಕ್ಕಿಸಿ, ನನ್ನ ಕೊಡತಿ ಹಿಡಿದು ಕೂತಿದ್ದವಳು ನೀಲಮ್ಮ. ಹಿಂದಿನ ದಿನವೇ ಹುಲಿಗೆವ್ವನ ಮನೆಗೆ ಹೋಗಿ, ನನಗೆ ಬರೆಯಲು ಬಿಡುವಾಗಲೆಂದು ನನ್ನ ಬದಲು ತಾನು ಕೂಡಬಹುದೇ ಎಂದು ಕೇಳಿ ಬಂದಿದ್ದಳಂತೆ. "ಹಾಡು ಬರ್ತೈತಲ್ಲವ್ವ, ಕೈ ತಾನ ಬರ್ತೈತಿ ಬಾ" ಎಂದಿದ್ದಳಂತೆ ಹುಲಿಗೆವ್ವ. ನೀಲಮ್ಮ ನನ್ನ ಕಡೆ ತಿರುಗಲಿಲ್ಲ. ಕಿವಿ ಕೆಂಪಾಗಿದ್ದವು, ಕೈ ಏಳುತ್ತ ಬೀಳುತ್ತ ಇತ್ತು.

ಸುದ್ದಿ ಅಣ್ಣನಿಗೆ ಹೇಗೆ ಮುಟ್ಟಿತೋ, ಅಂಗಡಿಯಿಂದ ಬರಿಗಾಲಲ್ಲೇ ಓಡಿಬಂದ. ಕೆಳಗಿನಿಂದ, "ಏನ್ ನಡಸೀರಿ ನೀವಿಬ್ರು? ಮನಿ ಸೊಸಿ ಅನ್ನೋದು ಖಬರ ಐತೇನು? ಇಳೀವಾ ಕೆಳಗ!" ಎಂದು ಕೂಗಿದ.

ನೀಲಮ್ಮ ಭಾವನ ಎದುರು ದನಿ ಎತ್ತಿದವಳಲ್ಲ, ಆಗಲೂ ಎತ್ತಲಿಲ್ಲ. ಅವಳ ಪರವಾಗಿ ಹುಲಿಗೆವ್ವ ಮಾಳಿಗೆಯ ಅಂಚಿನಿಂದ ಬಗ್ಗಿ ಹೇಳಿದಳು: "ಸಾಲು ಗ್ವಾಡಿ ಮುಟ್ಟಾತನಕ ಯಾರೂ ಏಳಂಗಿಲ್ರಿ ಧಣೇರ. ಎದ್ರ ಮಾಳಿಗಿ ಸೋರ್ತೈತಿ. ಕುಂದ್ರಿ ಅಲ್ಲೇ."

ಸೋರುವ ಮಾಳಿಗೆಗೆ ಆಮೇಲೆ ಮನೆಯ ಯಜಮಾನರು ಹಿಡಿಯುವುದು ಯಾರನ್ನು ಎಂಬುದು ವ್ಯಾಪಾರಸ್ಥನಾದ ಅಣ್ಣನಿಗೆ ತಿಳಿಯುತ್ತಿತ್ತು. ಗೊಣಗುತ್ತ ಕಟ್ಟೆಯ ಮೇಲೆ ಕುಳಿತ. ಸ್ವಲ್ಪ ಹೊತ್ತಿಗೆ ಯಲ್ಲವ್ವ ಅವನ ಕಡೆಗೆ ನೀರಿನ ತಂಬಿಗೆ ಸರಿಸಿದಳು. ಅವನು ಅದನ್ನು ನೋಡಿದ, ಅತ್ತಿತ್ತ ನೋಡಿದ, ಬಿಸಿಲಲ್ಲಿ ಓಡಿಬಂದ ಮನುಷ್ಯ. ಎತ್ತಿ ಕುಡಿದ.

ನಾನು ಮರದ ಇನ್ನೊಂದು ಬದಿಗೆ ಹೋಗಿ ಚೀಲ ಬಿಚ್ಚಿ, ತೊಡೆಯ ಮೇಲೆ ಹಲಗೆ ಇಟ್ಟು ಬರೆಯತೊಡಗಿದೆ. ಪ್ರಬಂಧ ಮದರಾಸಿಗೆ ಹೋಯಿತು, ಪದವಿಯೂ ಬಂತು. ಪದವಿ ಬಂದ ಕತೆ ಎಲ್ಲರದೂ ಒಂದೇ, ಅದನ್ನು ಬಿಡಿ. ಕೊಡತಿಯಂತೂ ಮುಂದೆ ನನ್ನ ಕೈಗೆ ಸಿಕ್ಕಿದ್ದು ಅಪರೂಪ, ನೀಲಮ್ಮ ಬಿಟ್ಟುಕೊಟ್ಟಾಗ ಮಾತ್ರ. ನನಗೆ ನೆನಪಿರುವುದು ಆ ಹೊತ್ತು. ಮೇಲಿನಿಂದ ಎಲ್ಲ ಕೊಡತಿಗಳ ಏಟು ಒಟ್ಟಿಗೇ ಬೀಳುತ್ತಿತ್ತು. ಅದರ ಬೆನ್ನಿಗೇ ಸಾಲಿನ ಕೊನೆಯಿಂದ ಒಂದು ಏಟು ಮಾತ್ರ ಚೂರು ತಡವಾಗಿ ಬೀಳುತ್ತಿತ್ತು. ನಾನು ಬರೆಯುತ್ತ ಅದನ್ನೇ ಕೇಳುತ್ತಿದ್ದೆ. ಪುಟ ಮುಗಿಸಿ ತಲೆ ಎತ್ತಿದಾಗ ಆ ಏಟು ಉಳಿದವುಗಳಲ್ಲಿ ಸೇರಿಹೋಗಿತ್ತು. ಯಾವುದು ನೀಲಮ್ಮನದು ಎಂದು ಎಷ್ಟು ಕಿವಿಗೊಟ್ಟರೂ ಗೊತ್ತಾಗಲಿಲ್ಲ.